ವಿದ್ಯುತ್ ವಾಹನಗಳ ಚಾರ್ಜಿಂಗ್ ಮತ್ತು ಮೊಬೈಲ್ ಆ್ಯಪ್: ಸದಸ್ಯರು ತಿಳಿದಿರಬೇಕಾದ ಕೆಲವು ಸಂಗತಿಗಳು



ನಮ್ಮ ಸಂಘದ ಗೋದಾಮಿನ ಮುಂದಿನ ಬಯಲಿನಲ್ಲಿ ವಿದ್ಯುತ್ ವಾಹನಗಳಿಗೆ ಚಾರ್ಜಿಂಗ್ ಯಂತ್ರವೊಂದನ್ನು ಸ್ಥಾಪಿಸುವ ಪ್ರಸ್ತಾಪವು ಆಡಳಿತ ಮಂಡಳಿಯ ಮುಂದೆ ಬಂದಿರುವುದು ತಮಗೆ ತಿಳಿದೇ ಇದೆ. ಜಾಗ ಸಂಘದ್ದು, ಯಂತ್ರ ಕಂಪೆನಿಯದು, ಬಂದ ಆದಾಯದಲ್ಲಿ ಇಬ್ಬರಿಗೂ ಪಾಲು ಎಂಬುದು ಪ್ರಸ್ತಾಪದ ಸಾರಾಂಶ. ಯಂತ್ರದೊಡನೆ ಒಂದು ಮೊಬೈಲ್ ಆ್ಯಪ್ ಕೂಡ ಬರುತ್ತದೆ. ಚಾರ್ಜಿಂಗ್ ಎಲ್ಲಿದೆ ಎಂದು ಹುಡುಕುವುದು, ಯಂತ್ರವನ್ನು ಚಾಲೂ ಮಾಡುವುದು, ಹಣ ಕಟ್ಟುವುದು ಎಲ್ಲವೂ ಆ ಆ್ಯಪಿನ ಮೂಲಕವೇ. ಸಭೆಯಲ್ಲಿ ಯಂತ್ರದ ಕುರಿತು ಒಂದು ಗಂಟೆ ಚರ್ಚೆಯಾಯಿತು. ಆ್ಯಪಿನ ಕುರಿತು ಐದು ನಿಮಿಷವೂ ಆಗಲಿಲ್ಲ. "ಅದೆಲ್ಲ ಹುಡುಗರ ವಿಷಯ, ಮುಂದಿನದು ನೋಡಿ" ಎಂದು ಹಿರಿಯ ನಿರ್ದೇಶಕರೊಬ್ಬರು ಹೇಳಿದರು. ನಾವೂ ಹಾಗೆಯೇ ಭಾವಿಸಿ ಮುಂದಿನ ವಿಷಯಕ್ಕೆ ಹೋದೆವು.

ಆದರೆ ಆ ಬಳಿಕ ನಮಗಾದ ಒಂದು ಅನುಭವದಿಂದ ಈ ಅಭಿಪ್ರಾಯವನ್ನು ಬದಲಿಸಿಕೊಳ್ಳಬೇಕಾಯಿತು. ವಾರ್ಷಿಕ ಮಹಾಸಭೆಯಲ್ಲಿ ಈ ಪ್ರಸ್ತಾಪಕ್ಕೆ ತಾವು ಒಪ್ಪಿಗೆ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ಮೊದಲು, ಇಂಥ ಆ್ಯಪ್ ಹೇಗೆ ಕೆಲಸ ಮಾಡುತ್ತದೆ, ಅದು ಹೇಗಿದ್ದರೆ ಜನರಿಗೆ ಅನುಕೂಲ, ಹೇಗಿದ್ದರೆ ಉಪದ್ರವ ಎಂಬುದನ್ನು ನಮಗೆ ತಿಳಿದ ಮಟ್ಟಿಗೆ ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಘಾಟಿಯ ಬುಡದಲ್ಲಿ ಒಂದು ರಾತ್ರಿ

ಕಳೆದ ಮಳೆಗಾಲದಲ್ಲಿ ಸದಸ್ಯರೊಬ್ಬರ ತಾಯಿಯವರ ಕಣ್ಣಿನ ಶಸ್ತ್ರಚಿಕಿತ್ಸೆ ಮಂಗಳೂರಿನಲ್ಲಿ ಆಯಿತು. ಅವರನ್ನು ಮನೆಗೆ ಕರೆತರುವಾಗ ಆ ಸದಸ್ಯರ ವಿದ್ಯುತ್ ಕಾರಿನಲ್ಲಿ ನಾವೂ ಜೊತೆಗಿದ್ದೆವು. ಬೆಳಿಗ್ಗೆಯಿಂದ ಆಸ್ಪತ್ರೆ, ಔಷಧಿ ಅಂಗಡಿ ಎಂದು ಓಡಾಡಿ ಬ್ಯಾಟರಿ ಕೆಳಗಿಳಿದಿತ್ತು. ಘಾಟಿಯ ಬುಡದಲ್ಲಿ ಒಂದು ವೇಗದ ಚಾರ್ಜಿಂಗ್ ಯಂತ್ರವಿದೆ, ಅದು ಖಾಲಿ ಇದೆ ಎಂದು ಫೋನಿನ ಆ್ಯಪ್ ಹಸಿರು ಗುರುತು ತೋರಿಸುತ್ತಿತ್ತು. ಅದನ್ನು ನಂಬಿ ಊರಿನಲ್ಲಿ ಚಾರ್ಜ್ ಮಾಡದೆ ಹೊರಟೆವು.

ರಾತ್ರಿ ಒಂಬತ್ತಕ್ಕೆ ಅಲ್ಲಿಗೆ ತಲುಪಿದಾಗ ಯಂತ್ರದ ಪರದೆ ಕಪ್ಪಾಗಿತ್ತು. ಪಕ್ಕದ ಅಂಗಡಿಯವರು ಬಾಗಿಲು ಹಾಕುತ್ತಾ, "ಸಿಡಿಲಿಗೆ ಹೋದದ್ದು ಮಾರಾಯ್ರೆ, ಎಂಟು ದಿನ ಆಯ್ತು. ಇಷ್ಟರವರೆಗೆ ಯಾರೂ ಬರಲಿಲ್ಲ" ಎಂದರು. ಆ ಹೊತ್ತಿನಲ್ಲೂ ಆ್ಯಪಿನಲ್ಲಿ ಹಸಿರು ಗುರುತೇ ಇತ್ತು.

ಬ್ಯಾಟರಿಯಲ್ಲಿ ಉಳಿದಿದ್ದದ್ದು ಶೇ. 14. ಇನ್ನೂ 29 ಕಿಲೋಮೀಟರು ಹೋಗಬಹುದೆಂದೂ, ಘಾಟಿಯ ಮೇಲೆ 26 ಕಿಲೋಮೀಟರು ದೂರದಲ್ಲಿ ಇನ್ನೊಂದು ಯಂತ್ರವಿದೆಯೆಂದೂ, ಅಲ್ಲಿಗೆ ತಲುಪಬಹುದೆಂದೂ ಅದೇ ಆ್ಯಪ್ ಸಲಹೆ ಕೊಟ್ಟಿತು. ಕಾರಿನ ಮಾಲೀಕರು ಹೊರಡಲು ಸಿದ್ಧರಾಗಿದ್ದರು. ನಾವು ಒಂದು ಕಾಗದದ ಮೇಲೆ ಲೆಕ್ಕ ಹಾಕಿ ತಡೆದೆವು. ಆ ಲೆಕ್ಕವನ್ನು ಮುಂದೆ ಕೊಟ್ಟಿದ್ದೇವೆ. ಕೊನೆಗೆ ಪರಿಚಯದ ಅಡಿಕೆ ಬೆಳೆಗಾರರೊಬ್ಬರ ಮನೆಯ ಬಾಗಿಲು ತಟ್ಟಿ, ಅವರ ಮನೆಯ 15 ಆಂಪಿಯರ್ ಪ್ಲಗ್ಗಿಗೆ ಕಾರನ್ನು ಸಿಕ್ಕಿಸಿ, ಅವರು ಬಡಿಸಿದ ಗಂಜಿ ಉಂಡು, ಮೂರೂವರೆ ಗಂಟೆ ಕಾದು, ಮನೆ ಸೇರುವಾಗ ಬೆಳಗಿನ ಜಾವ ಎರಡು ಗಂಟೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಆ ತಾಯಿ, "ಕಾರಿನದ್ದೇನೂ ತಪ್ಪಿಲ್ಲ ಬಿಡಿ, ಸುಳ್ಳು ಹೇಳಿದ್ದು ಆ ಫೋನು" ಎಂದರು. ವಿಷಯವೆಲ್ಲ ಆ ಮಾತಿನಲ್ಲೇ ಇದೆಯೆಂದು ನಮಗೆ ತೋರಿತು.

ಚಾರ್ಜಿಂಗ್‌ನ ಬಗೆಗಳು

ಆ್ಯಪಿನ ವಿಷಯಕ್ಕೆ ಹೋಗುವ ಮೊದಲು ಚಾರ್ಜಿಂಗ್ ಕುರಿತು ನಾಲ್ಕು ಮಾತು. ಪೆಟ್ರೋಲನ್ನು ಲೀಟರಿನಲ್ಲಿ ಅಳೆಯುವಂತೆ ಬ್ಯಾಟರಿಯನ್ನು ಯೂನಿಟ್ಟಿನಲ್ಲಿ ಅಳೆಯುತ್ತಾರೆ. ನಮ್ಮ ಮನೆಯ ಮೀಟರು ತೋರಿಸುವ ಯೂನಿಟ್ಟೇ ಇದು. ಸಣ್ಣ ಕಾರಿನ ಬ್ಯಾಟರಿಯಲ್ಲಿ ಸುಮಾರು 30 ಯೂನಿಟ್ಟು ಹಿಡಿಯುತ್ತದೆಂದು ಇಟ್ಟುಕೊಳ್ಳೋಣ. ಮನೆಯ 15 ಆಂಪಿಯರ್ ಪ್ಲಗ್ಗು ಗಂಟೆಗೆ ಸುಮಾರು 3 ಯೂನಿಟ್ಟು ಕೊಡುತ್ತದೆ. ಅಂದರೆ ಖಾಲಿ ಬ್ಯಾಟರಿ ತುಂಬಲು ಒಂದು ರಾತ್ರಿ ಬೇಕು. ಪ್ರತ್ಯೇಕ ತಂತಿ ಎಳೆದು ಹಾಕುವ 7.4 ಕಿಲೋವ್ಯಾಟಿನ ಪೆಟ್ಟಿಗೆಯಾದರೆ ನಾಲ್ಕೈದು ಗಂಟೆ. ರಸ್ತೆ ಬದಿಯ 30 ಕಿಲೋವ್ಯಾಟಿನ ವೇಗದ ಯಂತ್ರವಾದರೆ ಶೇ. 20ರಿಂದ ಶೇ. 80ರವರೆಗೆ ತುಂಬಲು ಮುಕ್ಕಾಲು ಗಂಟೆಯಷ್ಟು. ಶೇ. 80 ದಾಟಿದ ಮೇಲೆ ಬ್ಯಾಟರಿಯ ಕ್ಷೇಮಕ್ಕಾಗಿ ಕಾರು ತಾನಾಗಿಯೇ ವೇಗವನ್ನು ತಗ್ಗಿಸುತ್ತದೆ. ಆದ್ದರಿಂದ ಸಾಲಿನಲ್ಲಿ ಜನ ಕಾಯುತ್ತಿರುವಾಗ ಕೊನೆಯ ಶೇ. 20ಕ್ಕಾಗಿ ಅಲ್ಲೇ ನಿಂತಿರುವುದು ಯಾರಿಗೂ ಲಾಭವಲ್ಲ.

ಪ್ಲಗ್ಗುಗಳಲ್ಲಿಯೂ ಭೇದಗಳಿವೆ. ನಮ್ಮ ದೇಶದ ಈಗಿನ ಕಾರುಗಳಲ್ಲಿ ವೇಗದ ಚಾರ್ಜಿಂಗ್‌ಗೆ ಸಾಮಾನ್ಯವಾಗಿ ಸಿಸಿಎಸ್-2 ಎಂಬ ಮಾದರಿಯೂ, ನಿಧಾನದ್ದಕ್ಕೆ ಟೈಪ್-2 ಎಂಬುದೂ ಬಳಕೆಯಲ್ಲಿವೆ. ಆರಂಭದ ವರ್ಷಗಳಲ್ಲಿ ಹಾಕಿದ ಭಾರತ್ ಡಿಸಿ-001 ಎಂಬ ಯಂತ್ರಗಳ ಪ್ಲಗ್ಗು ಈ ಕಾರುಗಳಿಗೆ ಹೊಂದುವುದಿಲ್ಲ. ಸ್ಕೂಟರುಗಳದ್ದು ಬೇರೆಯೇ. ಬೆಂಗಳೂರಿನ ಏಥರ್ ಕಂಪೆನಿ ರೂಪಿಸಿದ ಪ್ಲಗ್ಗನ್ನು ಭಾರತೀಯ ಮಾನಕ ಸಂಸ್ಥೆಯು 2023ರಲ್ಲಿ ಹಗುರ ವಾಹನಗಳಿಗೆ ಒಂದು ಮಾನಕವಾಗಿ ಅಂಗೀಕರಿಸಿತು. ಹೀಗಿರುವಲ್ಲಿ ನಕ್ಷೆಯ ಮೇಲೆ ಹತ್ತು ಯಂತ್ರಗಳು ಕಂಡರೂ ನಮ್ಮ ವಾಹನಕ್ಕೆ ಹೊಂದುವವು ನಾಲ್ಕೇ ಇರಬಹುದು. ಒಳ್ಳೆಯ ಆ್ಯಪ್ ಮೊದಲ ದಿನ ಒಮ್ಮೆ ಮಾತ್ರ "ನಿಮ್ಮ ವಾಹನ ಯಾವುದು?" ಎಂದು ಕೇಳಿ, ಆಮೇಲೆ ಹೊಂದದವುಗಳನ್ನು ತೋರಿಸುವುದೇ ಇಲ್ಲ.

ಹಸಿರು ಗುರುತು ಎಲ್ಲಿಂದ ಬರುತ್ತದೆ?

ಚಾರ್ಜಿಂಗ್ ಯಂತ್ರದೊಳಗೆ ಫೋನಿನಲ್ಲಿರುವಂಥದೇ ಒಂದು ಸಿಮ್ ಕಾರ್ಡು ಇರುತ್ತದೆ, ಇಲ್ಲವೇ ಇಂಟರ್ನೆಟ್ ತಂತಿಯ ಸಂಪರ್ಕ ಇರುತ್ತದೆ. ಅದರ ಮೂಲಕ ಯಂತ್ರವು ಕಂಪೆನಿಯ ಕೇಂದ್ರ ಕಂಪ್ಯೂಟರಿಗೆ ವರದಿ ಕಳಿಸುತ್ತಿರುತ್ತದೆ. ಆ ಕಂಪ್ಯೂಟರಿನಲ್ಲಿ ಬರೆದಿರುವುದನ್ನು ನಮ್ಮ ಫೋನಿನ ಆ್ಯಪ್ ಓದಿ ತೋರಿಸುತ್ತದೆ. ಅಂದರೆ ಆ್ಯಪ್ ಯಂತ್ರವನ್ನು ನೇರವಾಗಿ ನೋಡುವುದಿಲ್ಲ, ರಿಜಿಸ್ಟರನ್ನು ನೋಡುತ್ತದೆ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಮಿಕ್ಕದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಯಂತ್ರವೂ ಕೇಂದ್ರ ಕಂಪ್ಯೂಟರೂ ಮಾತನಾಡುವುದಕ್ಕೆ ಒಂದು ಒಪ್ಪಿತ ಭಾಷೆ ಇದೆ. ಅದರ ಹೆಸರು ಓಸಿಪಿಪಿ. ನೆದರ್ಲೆಂಡ್ಸ್ ದೇಶದ ಎಲಾಡ್ ಎಂಬ ಸಂಸ್ಥೆಯವರು 2009ರಲ್ಲಿ ಆರಂಭಿಸಿದ ಇದನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. 2015ರಲ್ಲಿ ಬಂದ ಅದರ 1.6ನೆಯ ಆವೃತ್ತಿಯಲ್ಲಿ ಯಂತ್ರವೊಂದು ತನ್ನ ಬಗ್ಗೆ ಹೇಳಿಕೊಳ್ಳಬಹುದಾದ ಸ್ಥಿತಿಗಳು ಒಂಬತ್ತು: ಖಾಲಿ ಇದೆ, ಸಿದ್ಧವಾಗುತ್ತಿದೆ, ಚಾರ್ಜ್ ಮಾಡುತ್ತಿದೆ, ಮುಗಿಯುತ್ತಿದೆ, ಕಾಯ್ದಿರಿಸಲಾಗಿದೆ, ಕೆಟ್ಟಿದೆ ಇತ್ಯಾದಿ. ಇದಲ್ಲದೆ ಯಂತ್ರವು ನಿಗದಿತ ಅವಧಿಗೊಮ್ಮೆ "ನಾನಿದ್ದೇನೆ" ಎಂದು ತಿಳಿಸುವ ಒಂದು ಸಣ್ಣ ಸಂದೇಶವನ್ನೂ ಕಳಿಸುತ್ತದೆ. ಅದಕ್ಕೆ ಹೃದಯ ಬಡಿತ ಎಂಬ ಅರ್ಥದ ಹೆಸರೇ ಇದೆ.

ಸಿಡಿಲು ಬಡಿದ ಯಂತ್ರ "ನಾನು ಕೆಟ್ಟಿದ್ದೇನೆ" ಎಂದು ಹೇಳಲಾರದು. ಅದು ಸುಮ್ಮನಾಗುತ್ತದೆ. ಆಗ ಕೇಂದ್ರದ ರಿಜಿಸ್ಟರಿನಲ್ಲಿ ಅದು ಕೊನೆಯದಾಗಿ ಹೇಳಿದ್ದ "ಖಾಲಿ ಇದೆ" ಎಂಬ ಮಾತೇ ಉಳಿದಿರುತ್ತದೆ. ಬಡಿತ ನಿಂತು ಎಷ್ಟು ಹೊತ್ತಾಯಿತೆಂದು ನೋಡದೆ ಅದನ್ನೇ ಹಸಿರಾಗಿ ತೋರಿಸುವ ಆ್ಯಪ್, ಗೋದಾಮಿಗೆ ಹೋಗಿ ಎಣಿಸದೆ ಹಳೆಯ ದಾಸ್ತಾನು ಪುಸ್ತಕವನ್ನೇ ನೋಡಿ "ನೂರು ಚೀಲ ಇದೆ" ಎನ್ನುವ ಗುಮಾಸ್ತನಂತೆ. ನಮ್ಮ ಸಂಘದಲ್ಲಿ ಹಾಗೆ ಹೇಳಿದವರನ್ನು ನಾವು ಒಪ್ಪುತ್ತೇವೆಯೇ? ಪುಸ್ತಕದ ಲೆಕ್ಕ, ಗೋದಾಮಿನ ಚೀಲ ಎರಡೂ ತಾಳೆಯಾಗಬೇಕೆಂದು ವರ್ಷಕ್ಕೊಮ್ಮೆ ದಾಸ್ತಾನು ಪರಿಶೀಲನೆ ನಡೆಸುತ್ತೇವೆ. ಆ್ಯಪಿಗೂ ಅದೇ ನಿಯಮ ಸಲ್ಲಬೇಕು.

ಆದ್ದರಿಂದ ಗುರುತುಗಳು ಎರಡಿದ್ದರೆ ಸಾಲದು, ಮೂರನೆಯದೊಂದು ಬೇಕು. ಖಾಲಿ ಇದೆ, ಖಾಲಿ ಇಲ್ಲ, ಮತ್ತು "ಸುದ್ದಿ ಬಂದಿಲ್ಲ". ಜೊತೆಗೆ "ಕೊನೆಯ ಸುದ್ದಿ 10 ನಿಮಿಷದ ಹಿಂದೆ", "ಕೊನೆಯ ಬಾರಿ ಯಶಸ್ವಿಯಾಗಿ ಚಾರ್ಜ್ ಮಾಡಿದ್ದು ನಿನ್ನೆ ಸಂಜೆ 6ಕ್ಕೆ" ಎಂದು ಬರೆದಿರಬೇಕು. ಎರಡನೆಯ ವಾಕ್ಯ ಮೊದಲನೆಯದಕ್ಕಿಂತಲೂ ಮುಖ್ಯ. ಏಕೆಂದರೆ ಬಡಿತ ಸರಿಯಾಗಿದ್ದರೂ ಕೇಬಲ್ಲು ಹರಿದಿರಬಹುದು, ಪರದೆ ಒಡೆದಿರಬಹುದು. ಎಂಟು ದಿನದಿಂದ ಒಂದು ಕಾರೂ ಚಾರ್ಜ್ ಆಗಿಲ್ಲವೆಂದು ಆ ರಾತ್ರಿ ನಮಗೆ ತಿಳಿದಿದ್ದರೆ ಮಂಗಳೂರಿನಲ್ಲೇ ಅರ್ಧ ಗಂಟೆ ನಿಂತು ಹೊರಡುತ್ತಿದ್ದೆವು.

ಇದು ನಮ್ಮ ಕಡೆಯ ತೊಂದರೆ ಮಾತ್ರವೆಂದು ಭಾವಿಸಬೇಕಾಗಿಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ 181 ಸಾರ್ವಜನಿಕ ವೇಗದ ಚಾರ್ಜಿಂಗ್ ನಿಲ್ದಾಣಗಳ 657 ಪ್ಲಗ್ಗುಗಳನ್ನು ಒಂದೊಂದಾಗಿ ಪರೀಕ್ಷಿಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಕೆಲಸ ಮಾಡುತ್ತಿದ್ದವು ಶೇ. 72.5 ಮಾತ್ರ. ಪರದೆ ಕೆಟ್ಟದ್ದು, ಹಣ ಪಾವತಿಯಾಗದ್ದು, ಸಂಪರ್ಕ ತಪ್ಪಿದ್ದು, ಪ್ಲಗ್ಗು ಮುರಿದದ್ದು ಇವೇ ಕಾರಣಗಳು. ಸಿರಿವಂತ ದೇಶದ ಸಿರಿವಂತ ಊರುಗಳ ಸ್ಥಿತಿಯೇ ಹೀಗಿದ್ದ ಮೇಲೆ ಸಿಡಿಲು ಮಳೆಯ ಮಲೆನಾಡಿನಲ್ಲಿ ಎಷ್ಟು ಎಚ್ಚರ ಬೇಕೆಂಬುದನ್ನು ಊಹಿಸಬಹುದು.

ಏರುದಾರಿಯ ಲೆಕ್ಕ

ಇನ್ನು ಆ ರಾತ್ರಿ ಕಾಗದದ ಮೇಲೆ ಹಾಕಿದ ಲೆಕ್ಕ. 30 ಯೂನಿಟ್ಟಿನ ಬ್ಯಾಟರಿಯಲ್ಲಿ ಶೇ. 14 ಎಂದರೆ 4.2 ಯೂನಿಟ್ಟು. ಸಮತಟ್ಟಾದ ರಸ್ತೆಯಲ್ಲಿ ಯೂನಿಟ್ಟಿಗೆ 7 ಕಿಲೋಮೀಟರಿನಂತೆ 29 ಕಿಲೋಮೀಟರು ಎಂದು ಆ್ಯಪ್ ಹೇಳಿದ್ದು ಸರಿಯೇ. ಆದರೆ ಅದು ಘಾಟಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಜನ, ಸಾಮಾನು ಸೇರಿ 1,700 ಕಿಲೋಗ್ರಾಂ ತೂಕದ ಕಾರನ್ನು 800 ಮೀಟರು ಎತ್ತರಕ್ಕೆ ಎತ್ತಲು, ಬರಿಯ ಭಾರ ಎತ್ತುವುದಕ್ಕೇ ಸುಮಾರು 3.7 ಯೂನಿಟ್ಟು ಬೇಕು. ಮೋಟಾರಿನಲ್ಲಿ ಆಗುವ ನಷ್ಟ ಸೇರಿದರೆ 4 ಯೂನಿಟ್ಟಿಗೂ ಮೇಲೆ. ಜೊತೆಗೆ 26 ಕಿಲೋಮೀಟರು ಉರುಳುವುದಕ್ಕೆ ಎಂದಿನ 3.7 ಯೂನಿಟ್ಟು. ಒಟ್ಟು 8 ಯೂನಿಟ್ಟಿನ ಹತ್ತಿರ. ಕೈಯಲ್ಲಿದ್ದದ್ದು 4.2. ಆ್ಯಪನ್ನು ನಂಬಿ ಹೊರಟಿದ್ದರೆ ಘಾಟಿಯ ನಡುವೆ, ಮಳೆಯಲ್ಲಿ, ಸಿಗ್ನಲ್ ಇಲ್ಲದ ತಿರುವಿನಲ್ಲಿ ನಿಂತುಬಿಡುತ್ತಿದ್ದೆವು.

ಘಾಟಿ ಇಳಿಯುವಾಗ ಮೋಟಾರು ಡೈನಮೋ ಆಗಿ ಕೆಲಸ ಮಾಡಿ ಇದರ ಒಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ಹಾಗಾಗಿ ಶಿರಾಡಿ, ಚಾರ್ಮಾಡಿ, ಸಂಪಾಜೆಗಳನ್ನು ಇಳಿಯುವವರ ಲೆಕ್ಕವೂ ಹತ್ತುವವರ ಲೆಕ್ಕವೂ ಒಂದೇ ಅಲ್ಲ. ಸ್ವೀಡನ್ ದೇಶದಲ್ಲಿ ಹುಟ್ಟಿದ ಎ ಬೆಟರ್ ರೂಟ್‌ಪ್ಲಾನರ್ ಎಂಬ ಆ್ಯಪ್ ರಸ್ತೆಯ ಏರಿಳಿತ, ವೇಗ, ಹವೆ ಇವುಗಳನ್ನೆಲ್ಲ ಹಿಡಿದೇ ಲೆಕ್ಕ ಹಾಕುತ್ತದೆ. ಆದ್ದರಿಂದ ಇದು ಆಗದ ಕೆಲಸವೇನಲ್ಲ. ಬಯಲುಸೀಮೆಯ ನಗರವನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ಆ್ಯಪ್ ಮಾಡಿದವರು ಇದನ್ನು ಮರೆಯುತ್ತಾರೆ, ಅಷ್ಟೆ.

ಸಿಗ್ನಲ್ ಇಲ್ಲದ ಕಡೆ

ನಮ್ಮ ಸದಸ್ಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಕೆಲವು ಗಂಟೆಗಳಲ್ಲಿ ಟವರೂ ಹೋಗುತ್ತದೆ. ಅಂಥ ಹೊತ್ತಿನಲ್ಲಿ ಚಾರ್ಜಿಂಗ್ ಯಂತ್ರದ ಮುಂದೆ ನಿಂತು, ಆ್ಯಪ್ ಇಳಿಸಿಕೊಂಡು, ಹೆಸರು ನೋಂದಾಯಿಸಿ, ಓಟಿಪಿ ಬರಲೆಂದು ಫೋನನ್ನು ಮೇಲೆತ್ತಿ ಹಿಡಿದು ತಿರುಗಾಡುವುದು ಅನುಕೂಲವೆನಿಸಲಾರದು.

ಇದಕ್ಕೆ ಪರಿಹಾರಗಳು ಮೂರು. ಮೊದಲನೆಯದು, ನಾವು ಹೋಗುವ ದಾರಿಯ ನಕ್ಷೆಯನ್ನೂ ಯಂತ್ರಗಳ ವಿವರವನ್ನೂ ಆ್ಯಪ್ ಮನೆಯಲ್ಲೇ ಫೋನಿಗೆ ಇಳಿಸಿಟ್ಟುಕೊಂಡು, ಸಂಪರ್ಕವಿಲ್ಲದಾಗಲೂ ತೋರಿಸಬೇಕು. ಆಗ ಅದು ಎಷ್ಟು ಹಳೆಯ ಸುದ್ದಿ ಎಂಬುದನ್ನು ಮರೆಮಾಚಬಾರದು. ಎರಡನೆಯದು, ಒಮ್ಮೆ ನೋಂದಾಯಿಸಿದವರಿಗೆ ಪ್ರತಿ ಸಲ ಓಟಿಪಿ ಕೇಳಬಾರದು. ಮೂರನೆಯದು ಕಾರ್ಡು. ಬಸ್ ಪಾಸಿನಂಥ ಒಂದು ಕಾರ್ಡನ್ನು ಯಂತ್ರಕ್ಕೆ ತಾಗಿಸಿದರೆ ಚಾರ್ಜಿಂಗ್ ಆರಂಭವಾಗುತ್ತದೆ. ಓಸಿಪಿಪಿಯಲ್ಲಿ ಒಪ್ಪಿತ ಕಾರ್ಡುಗಳ ಪಟ್ಟಿಯನ್ನು ಯಂತ್ರದೊಳಗೇ ಇರಿಸುವ ವ್ಯವಸ್ಥೆ ಇದೆ. ಕೇಂದ್ರದ ಸಂಪರ್ಕ ತಪ್ಪಿದ್ದರೂ ಪಟ್ಟಿಯಲ್ಲಿರುವ ಕಾರ್ಡಿಗೆ ಯಂತ್ರ ವಿದ್ಯುತ್ ಕೊಡುತ್ತದೆ, ಲೆಕ್ಕವನ್ನು ಬರೆದಿಟ್ಟುಕೊಂಡು ಸಂಪರ್ಕ ಬಂದಾಗ ಒಪ್ಪಿಸುತ್ತದೆ. ಕರೆಂಟೇ ಇಲ್ಲದಿದ್ದರೆ ಇದಾವುದೂ ನಡೆಯದು ಎಂಬುದು ಬೇರೆ ಮಾತು. ಸಂಘದ ಸದಸ್ಯರಿಗೆ ಪಾಸ್‌ಬುಕ್ ಕೊಡುವಂತೆ ಇಂಥ ಕಾರ್ಡು ಕೊಡಲು ಸಾಧ್ಯವಿದೆ. ಆದರೆ ಒಪ್ಪಂದದಲ್ಲಿ ಬರೆಸಿಕೊಂಡರೆ ಮಾತ್ರ.

ಹಣ ಪಾವತಿಯ ವಿಷಯ

ಈಗ ಬಳಕೆಯಲ್ಲಿರುವ ಹಲವು ಆ್ಯಪುಗಳಲ್ಲಿ ಮೊದಲೇ ಹಣ ತುಂಬಿಸಿ ಇಡಬೇಕು. ಐದು ಕಂಪೆನಿಗಳ ಯಂತ್ರ ಬಳಸುವವರು ಐದು ಆ್ಯಪುಗಳಲ್ಲಿ ಇನ್ನೂರು ಮುನ್ನೂರು ರೂಪಾಯಿಗಳನ್ನು ಬಿಟ್ಟಿರಬೇಕಾಗುತ್ತದೆ. ಒಬ್ಬೊಬ್ಬರಿಗೆ ಅದು ಸಣ್ಣ ಮೊತ್ತವಾಗಿರಬಹುದು. ಆದರೆ ಸದಸ್ಯರ ಠೇವಣಿಯ ಒಂದೊಂದು ರೂಪಾಯಿಗೂ ಲೆಕ್ಕ ಕೊಟ್ಟು ಬಂದಿರುವ ಸಹಕಾರ ಸಂಘದವರಾದ ನಮಗೆ, ಬೇರೆಯವರ ಹಣ ಬಡ್ಡಿಯಿಲ್ಲದೆ ಕಂಪೆನಿಯ ಬಳಿ ಕೂತಿರುವುದು ಸರಿಕಾಣುವುದಿಲ್ಲ.

ಇದಕ್ಕೆ ಬೇರೆ ದಾರಿ ಇದೆ. ಯುಪಿಐನ ಎರಡನೆಯ ಆವೃತ್ತಿ 2018ರ ಆಗಸ್ಟ್‌ನಲ್ಲಿ ಬಂದಾಗ, ಮೊತ್ತವೊಂದನ್ನು ನಮ್ಮ ಖಾತೆಯಲ್ಲೇ ತಡೆಹಿಡಿದು, ಆಮೇಲೆ ತಗಲಿದಷ್ಟನ್ನೇ ಕಡಿಯುವ ಸೌಲಭ್ಯ ಸೇರಿತು. ಯಂತ್ರದ ಮೇಲಿನ ಚೌಕ ಗುರುತನ್ನು ಫೋನಿನಲ್ಲಿ ಹಿಡಿದು, ಮುನ್ನೂರು ರೂಪಾಯಿಗೆ ಒಪ್ಪಿಗೆ ಕೊಟ್ಟರೆ, ಇನ್ನೂರ ಹತ್ತಕ್ಕೆ ಚಾರ್ಜ್ ಮುಗಿದಲ್ಲಿ ಅಷ್ಟೇ ಹೋಗಿ ಉಳಿದದ್ದು ಬಿಡುಗಡೆಯಾಗುವ ಹಾಗೆ ಮಾಡಬಹುದು. ದಾರಿಹೋಕರಿಗೆ ಆ್ಯಪನ್ನು ಇಳಿಸಿಕೊಳ್ಳುವ ಅಗತ್ಯವೇ ಬೀಳದ ಹಾಗೂ ಮಾಡಬಹುದು. ಯೂರೋಪಿನ ಒಕ್ಕೂಟದಲ್ಲಿ 2024ರ ಏಪ್ರಿಲ್ 13ರಿಂದ ಹೊಸದಾಗಿ ಹಾಕುವ ಸಾರ್ವಜನಿಕ ಯಂತ್ರಗಳಲ್ಲಿ ಸದಸ್ಯತ್ವವಿಲ್ಲದವರೂ ಹಣ ಕೊಟ್ಟು ಚಾರ್ಜ್ ಮಾಡಿಕೊಳ್ಳುವಂತಿರಬೇಕೆಂಬ ಕಾನೂನು ಜಾರಿಗೆ ಬಂದಿದೆ. ಬ್ರಿಟನ್ನಿನ 2023ರ ನಿಯಮಾವಳಿ ಇನ್ನೂ ಮುಂದೆ ಹೋಗಿ, ದರವನ್ನು ಯೂನಿಟ್ಟಿನ ಲೆಕ್ಕದಲ್ಲೇ ತಿಳಿಸಬೇಕು, ದಿನದ 24 ಗಂಟೆಯೂ ಸಹಾಯವಾಣಿ ಇರಬೇಕು, ವೇಗದ ಯಂತ್ರಗಳ ಜಾಲವು ವರ್ಷದ ಸರಾಸರಿಯಲ್ಲಿ ಶೇ. 99ರಷ್ಟು ಕಾಲ ಸುಸ್ಥಿತಿಯಲ್ಲಿರಬೇಕು ಎಂದು ವಿಧಿಸಿದೆ.

ದರದ ವಿಷಯದಲ್ಲಿ ಇನ್ನೊಂದು ಮಾತು. ನಮ್ಮಲ್ಲಿ ಚಾರ್ಜಿಂಗ್ ಸೇವೆಗೆ ಶೇ. 18 ಜಿಎಸ್‌ಟಿ ಇದೆ. ಕೆಲವು ಕಡೆ ತೆರಿಗೆ ಬಿಟ್ಟು ದರ ತೋರಿಸಿ, ಬಿಲ್ಲಿನಲ್ಲಿ ಸೇರಿಸುತ್ತಾರೆ. ತೆರಿಗೆ ಸೇರಿದ ಪೂರ್ಣ ದರ ಪ್ಲಗ್ಗು ಸಿಕ್ಕಿಸುವ ಮೊದಲೇ ಕಾಣಬೇಕು. ಚಾರ್ಜ್ ಮುಗಿದ ಮೇಲೂ ಕಾರು ತೆಗೆಯದವರಿಗೆ ದಂಡ ಹಾಕುವ ಪದ್ಧತಿಯೂ ಇದೆ. ಟೆಸ್ಲಾ ಕಂಪೆನಿ 2016ರ ಡಿಸೆಂಬರಿನಲ್ಲಿ ಇದನ್ನು ತಂದಿತು. ಪದ್ಧತಿ ನ್ಯಾಯವಾದದ್ದೇ. ಆದರೆ ದಂಡಕ್ಕೆ ಮೊದಲು ಎರಡು ಬಾರಿ ಎಚ್ಚರಿಕೆ ಬರಬೇಕು, ಅಲ್ಲಿ ಸಿಗ್ನಲ್ ಇಲ್ಲದಿದ್ದರೆ ದಂಡ ಹಾಕಬಾರದು.

ಮುಂಗಡ ಕಾಯ್ದಿರಿಸುವುದು ಮತ್ತು ನಮ್ಮ ಟ್ರಾನ್ಸ್‌ಫಾರ್ಮರು

ಯಂತ್ರವನ್ನು ಮೊದಲೇ ಕಾಯ್ದಿರಿಸುವ ಸೌಲಭ್ಯ ಕೇಳಲು ಚೆಂದ. ಆದರೆ ಒಂದೇ ಯಂತ್ರವಿರುವ ಕಡೆ ಒಬ್ಬರು ಕಾಯ್ದಿರಿಸಿ ಬಾರದೆ ಹೋದರೆ, ಮುಂದೆ ನಿಂತವರು ಖಾಲಿ ಯಂತ್ರವನ್ನು ನೋಡುತ್ತಾ ಕೂರಬೇಕಾಗುತ್ತದೆ. ಆದ್ದರಿಂದ ಕಾಯ್ದಿರಿಸುವಿಕೆ ಹದಿನೈದು ನಿಮಿಷಕ್ಕೆ ತಾನಾಗಿ ರದ್ದಾಗಬೇಕು, ಸಣ್ಣ ಮುಂಗಡವೂ ಇರಬೇಕು. ಇದಕ್ಕಿಂತ ಸರಳವಾದದ್ದು ಸರದಿ. "ನಿಮ್ಮ ಮುಂದೆ ಇಬ್ಬರಿದ್ದಾರೆ, ಸುಮಾರು 50 ನಿಮಿಷ" ಎಂದು ತಿಳಿಸಿದರೆ ಹೋಟೆಲಿಗೆ ಹೋಗಿ ಕಾಫಿ ಕುಡಿದು ಬರಬಹುದು.

ಸಂಘಕ್ಕೆ ಸಂಬಂಧಿಸಿದಂತೆ ಇನ್ನೊಂದು ಮುಖ್ಯ ಸಂಗತಿ ಇದೆ. 63 ಕೆವಿಎ ಟ್ರಾನ್ಸ್‌ಫಾರ್ಮರಿನ ಮೇಲೆ 30 ಕಿಲೋವ್ಯಾಟಿನ ಒಂದು ಯಂತ್ರ ಹಾಕಿದರೆ ಅರ್ಧದಷ್ಟು ಶಕ್ತಿ ಅದಕ್ಕೇ ಹೋಗುತ್ತದೆ. ಕೊಯ್ಲಿನ ಕಾಲದಲ್ಲಿ ಸಂಜೆಯ ಹೊತ್ತು ಸುತ್ತಮುತ್ತ ಪಲ್ಪರುಗಳು, ಅಡಿಕೆ ಸುಲಿಯುವ ಯಂತ್ರಗಳು ಒಟ್ಟಿಗೆ ಚಾಲೂ ಆಗುತ್ತವೆ. ಆ ವೇಳೆಗೇ ಪ್ರವಾಸಿಗಳ ಕಾರುಗಳೂ ಬಂದು ನಿಂತರೆ ಫ್ಯೂಸು ಹೋಗುವುದು ನಮ್ಮ ಮನೆಗಳದ್ದು. ಓಸಿಪಿಪಿಯಲ್ಲಿ ಇದಕ್ಕೂ ಉಪಾಯವಿದೆ. ಇಂತಿಂಥ ಗಂಟೆಗಳಲ್ಲಿ ಯಂತ್ರ ಇಷ್ಟಕ್ಕಿಂತ ಹೆಚ್ಚು ವಿದ್ಯುತ್ ಎಳೆಯಬಾರದೆಂದು ಕೇಂದ್ರದಿಂದಲೇ ಮಿತಿ ಹಾಕಬಹುದು. ಹಾಗೆ ಮಿತಿ ಹಾಕಿರುವಾಗ ಆ್ಯಪ್ ಅದನ್ನು ಮುಚ್ಚಿಡದೆ, "ಸಂಜೆ 6ರಿಂದ 9ರವರೆಗೆ ನಿಧಾನ" ಎಂದು ಬರುವವರಿಗೆ ಮೊದಲೇ ಹೇಳಬೇಕು.

ಭಾಷೆ ಮತ್ತು ಪರದೆ

ಆ್ಯಪಿನ ಪರದೆ ಹೇಗಿರಬೇಕೆಂಬುದು ಬರಿಯ ಅಲಂಕಾರದ ಪ್ರಶ್ನೆಯಲ್ಲ. ಮಳೆಯಲ್ಲಿ, ಒಂದು ಕೈಯಲ್ಲಿ ಕೊಡೆ ಹಿಡಿದು, ಒದ್ದೆ ಬೆರಳಿನಲ್ಲಿ ಒತ್ತುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ರೂಪಿಸಬೇಕು. ಗುಂಡಿಗಳು ದೊಡ್ಡವಾಗಿಯೂ ಕಡಿಮೆಯಾಗಿಯೂ ಇರಬೇಕು. ತೆರೆದ ಕೂಡಲೇ ಹತ್ತಿರದ, ನಮ್ಮ ವಾಹನಕ್ಕೆ ಹೊಂದುವ, ಖಾಲಿ ಇರುವ ಯಂತ್ರ ಕಾಣಬೇಕು. ಜಾಹೀರಾತು ಕಾಣಬಾರದು. ಕೆಂಪು ಹಸಿರುಗಳ ಭೇದ ಕಾಣದವರು ಸಮಾಜದಲ್ಲಿದ್ದಾರೆ. ಆದ್ದರಿಂದ ಬಣ್ಣದ ಜೊತೆಗೆ "ಖಾಲಿ ಇದೆ", "ಕೆಟ್ಟಿದೆ" ಎಂಬ ಅಕ್ಷರಗಳೂ ಇರಬೇಕು. ಆ ಅಕ್ಷರಗಳು ಕನ್ನಡದಲ್ಲಿಯೂ ಇರಬೇಕು. ಬಾಡಿಗೆ ಕಾರು, ಆಟೋ ಓಡಿಸುವ ನಮ್ಮ ಊರಿನ ಹುಡುಗರು ಈ ಯಂತ್ರವನ್ನು ಬಳಸಬೇಕೆಂದಿದ್ದರೆ ಇದು ಉಪಕಾರವಲ್ಲ, ಅವಶ್ಯಕತೆ. ಸಹಾಯವಾಣಿಗೆ ಕರೆ ಮಾಡಿದಾಗಲೂ ಕನ್ನಡದಲ್ಲಿ ಉತ್ತರಿಸುವ, ದೂರದಿಂದಲೇ ಯಂತ್ರವನ್ನು ಮರುಚಾಲನೆ ಮಾಡಬಲ್ಲ ಮನುಷ್ಯನೊಬ್ಬ ಸಿಗಬೇಕು.

ಒಂದೇ ಆ್ಯಪ್ ಸಾಲದೇ?

ಈ ಪ್ರಶ್ನೆಯನ್ನು ಹಲವರು ಕೇಳಿದ್ದಾರೆ. ವಿದ್ಯುತ್ ವಾಹನಗಳಿಗಾಗಿಯೇ ನೀತಿಯೊಂದನ್ನು ರೂಪಿಸಿದ ಮೊದಲ ರಾಜ್ಯ ನಮ್ಮದು. ಅದು 2017ರಲ್ಲಿ. 2018ರ ಏಪ್ರಿಲ್‌ನಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯವು ಚಾರ್ಜಿಂಗ್ ಎಂಬುದು ವಿದ್ಯುತ್ ಮಾರಾಟವಲ್ಲ, ಸೇವೆ, ಅದಕ್ಕೆ ವಿದ್ಯುತ್ ಕಾಯಿದೆಯ ಲೈಸೆನ್ಸು ಬೇಡ ಎಂದು ಸ್ಪಷ್ಟಪಡಿಸಿತು. ನಮ್ಮಂಥ ಸಂಘಗಳು ಇದಕ್ಕೆ ಕೈಹಾಕಲು ಸಾಧ್ಯವಾಗಿರುವುದು ಆ ಕಾರಣದಿಂದ. 2024ರ ಕೊನೆಯ ವೇಳೆಗೆ ಕರ್ನಾಟಕದಲ್ಲಿ 5,700ಕ್ಕೂ ಹೆಚ್ಚು ಸಾರ್ವಜನಿಕ ಚಾರ್ಜಿಂಗ್ ನಿಲ್ದಾಣಗಳಿದ್ದವು, ದೇಶದಲ್ಲೇ ಅತ್ಯಧಿಕ. ಆದರೆ ಅವುಗಳಲ್ಲಿ ಬಹುಪಾಲು ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ. ನಗರದಲ್ಲಿ ಒಂದು ಯಂತ್ರ ಕೆಟ್ಟರೆ ಮುಂದಿನ ಬೀದಿಯಲ್ಲಿ ಇನ್ನೊಂದಿದೆ. ನಮ್ಮಲ್ಲಿ ಒಂದು ಕೆಟ್ಟರೆ ಮುಂದಿನದು ಘಾಟಿಯ ಆಚೆ.

ಎಲ್ಲ ಕಂಪೆನಿಗಳ ಯಂತ್ರಗಳನ್ನೂ ಒಂದೇ ಕಡೆ ತೋರಿಸುವ ಪ್ರಯತ್ನಗಳು ನಡೆದಿವೆ. ಇಂಧನ ದಕ್ಷತಾ ಬ್ಯೂರೋದ ಇವಿ ಯಾತ್ರಾ ಜಾಲತಾಣವನ್ನು ರಾಷ್ಟ್ರಪತಿಗಳು 2022ರ ಡಿಸೆಂಬರ್ 14ರಂದು ಉದ್ಘಾಟಿಸಿದರು. ಸಾರ್ವಜನಿಕ ಚಾರ್ಜಿಂಗ್‌ಗೆ 2,000 ಕೋಟಿ ರೂಪಾಯಿ ತೆಗೆದಿರಿಸಿದ ಪಿಎಂ ಇ-ಡ್ರೈವ್ ಯೋಜನೆ 2024ರಲ್ಲಿ ಬಂತು. ಅದರಡಿ ಕಾಯ್ದಿರಿಸುವಿಕೆ, ಪಾವತಿ, ಯಂತ್ರದ ಸ್ಥಿತಿ ಮೂರನ್ನೂ ಒಳಗೊಂಡ ಒಂದೇ ಆ್ಯಪನ್ನು ಬಿಎಚ್‌ಇಎಲ್ ಸಂಸ್ಥೆಯ ಮೂಲಕ ರೂಪಿಸುವ ವಿಚಾರವನ್ನು ಭಾರಿ ಕೈಗಾರಿಕಾ ಸಚಿವಾಲಯವು 2025ರ ಮೇ ತಿಂಗಳಲ್ಲಿ ಪ್ರಕಟಿಸಿತು. 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ ಸುಮಾರು 89 ವಿದ್ಯುತ್ ಕಾರುಗಳೇ ಆಗಿದ್ದ ನಾರ್ವೆ ದೇಶದಲ್ಲಿ, ಸರಕಾರಿ ಸಂಸ್ಥೆಯೂ ವಿದ್ಯುತ್ ಕಾರು ಮಾಲೀಕರ ಸಂಘವೂ ಕೂಡಿ ನೋಬಿಲ್ ಎಂಬ ಚಾರ್ಜಿಂಗ್ ನಿಲ್ದಾಣಗಳ ಮುಕ್ತ ಪಟ್ಟಿಯನ್ನು ಬೆಳೆಸಿದ್ದಾರೆ. ಆ ಪಟ್ಟಿಯಿಂದ ಯಾರು ಬೇಕಾದರೂ ಆ್ಯಪ್ ಮಾಡಬಹುದು. ಬಳಕೆದಾರರ ಸಂಘವೇ ಪಟ್ಟಿ ತಯಾರಿಯಲ್ಲಿ ಪಾಲ್ಗೊಂಡದ್ದು ಸಹಕಾರಿಗಳಾದ ನಾವು ಗಮನಿಸಬೇಕಾದ ಅಂಶ. ಆ್ಯಪು ಒಂದಿರಲಿ ಹತ್ತಿರಲಿ, ಕೆಳಗಿರುವ ಮಾಹಿತಿ ನಿಜವಾಗಿದ್ದು ಎಲ್ಲರಿಗೂ ತೆರೆದಿದ್ದರೆ ಸಾಕು. ಮಾಹಿತಿಯೇ ಸುಳ್ಳಾದರೆ ಒಂದೇ ಆ್ಯಪ್ ಮಾಡಿಯೂ ಪ್ರಯೋಜನವಿಲ್ಲ.

ಒಪ್ಪಂದದಲ್ಲಿ ಇರಬೇಕಾದ ಷರತ್ತುಗಳು

ಮೇಲಿನ ವಿಷಯಗಳನ್ನೆಲ್ಲ ಪರಿಶೀಲಿಸಿ, ಕಂಪೆನಿಯೊಡನೆ ಮಾಡಿಕೊಳ್ಳುವ ಒಪ್ಪಂದದಲ್ಲಿ ಈ ಕೆಳಗಿನ ಷರತ್ತುಗಳು ಇರತಕ್ಕದ್ದೆಂದು ಸೂಚಿಸುತ್ತಿದ್ದೇವೆ:

1. ಯಂತ್ರವು ಓಸಿಪಿಪಿಯನ್ನು ಅನುಸರಿಸಬೇಕು. ನಾಳೆ ಕಂಪೆನಿ ಬದಲಾದರೂ ಯಂತ್ರ ನಿರುಪಯೋಗಿ ಆಗಬಾರದು.

2. ಯಂತ್ರದಿಂದ ಸುದ್ದಿ ನಿಂತ ಹದಿನೈದು ನಿಮಿಷದೊಳಗೆ ಆ್ಯಪಿನಲ್ಲಿ ಹಸಿರು ಗುರುತು ಹೋಗಬೇಕು. ಕೊನೆಯ ಯಶಸ್ವಿ ಚಾರ್ಜಿಂಗ್‌ನ ದಿನ, ವೇಳೆ ಕಾಣಬೇಕು.

3. ಯಂತ್ರದ ಸ್ಥಿತಿಯ ಮಾಹಿತಿ ಬೇರೆ ಆ್ಯಪುಗಳಿಗೂ ದೊರೆಯಬೇಕು.

4. ಯುಪಿಐ ಮೂಲಕ ನೇರ ಪಾವತಿ ಇರಬೇಕು. ಮುಂಗಡ ಹಣ ತುಂಬಿಸುವುದು ಕಡ್ಡಾಯವಾಗಬಾರದು. ತೆರಿಗೆ ಸೇರಿದ ಯೂನಿಟ್ ದರ ಮೊದಲೇ ಕಾಣಬೇಕು.

5. ಸದಸ್ಯರ ಕಾರ್ಡುಗಳ ಪಟ್ಟಿ ಯಂತ್ರದೊಳಗೇ ಇರಬೇಕು.

6. ಕೊಯ್ಲಿನ ಕಾಲದಲ್ಲಿ ಸಂಘ ಹೇಳಿದ ಗಂಟೆಗಳಲ್ಲಿ ವಿದ್ಯುತ್ ಮಿತಿ ಇರಬೇಕು.

7. ಆ್ಯಪೂ ಸಹಾಯವಾಣಿಯೂ ಕನ್ನಡದಲ್ಲಿ ಇರಬೇಕು.

8. ಕೆಟ್ಟ ಯಂತ್ರವನ್ನು ಮೂರು ದಿನದಲ್ಲಿ ಸರಿಪಡಿಸದಿದ್ದರೆ ಸಂಘಕ್ಕೆ ಪರಿಹಾರ ಕೊಡಬೇಕು.

ಕಂಪೆನಿಯವರು ಇವುಗಳಲ್ಲಿ ಐದನ್ನು ಕೂಡಲೇ ಒಪ್ಪಿದ್ದಾರೆ. ಎರಡು, ಮೂರು ಮತ್ತು ಎಂಟನೆಯ ಷರತ್ತುಗಳ ಬಗ್ಗೆ ಆಲೋಚಿಸುವುದಾಗಿ ಹೇಳಿದ್ದಾರೆ. ಈ ಮೂರು ಇಲ್ಲದಿದ್ದರೆ ಉಳಿದ ಐದರಿಂದ ಹೆಚ್ಚಿನ ಪ್ರಯೋಜನವಿಲ್ಲವೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಆದಾಯದ ಪಾಲು ಸ್ವಲ್ಪ ಕಡಿಮೆಯಾದರೂ ಇವುಗಳನ್ನು ಬಿಟ್ಟುಕೊಡಬಾರದು. ಮಹಾಸಭೆ ಬೇರೆ ರೀತಿ ತೀರ್ಮಾನಿಸಿದರೆ ಅದಕ್ಕೆ ನಾವು ಬದ್ಧರು.

ವಿದ್ಯುತ್ ವಾಹನದ ಬಗ್ಗೆ ನಮಗೆ ವಿರೋಧವಿಲ್ಲ. ಹಾಗೆಂದು ಯಂತ್ರ ಬಂದ ದಿನ ಟೇಪು ಕತ್ತರಿಸಿ, ಕೆಟ್ಟ ದಿನ ಕೈಚೆಲ್ಲುವುದೂ ಸಹಕಾರಿಗಳ ಲಕ್ಷಣವಲ್ಲ. ನಮ್ಮ ಗೋದಾಮಿನ ಬಾಗಿಲಲ್ಲಿ ನಿಲ್ಲುವ ಯಂತ್ರಕ್ಕೆ ಜನರ ಕಣ್ಣಿನಲ್ಲಿ ಸಂಘದ ಹೆಸರೇ ಅಂಟಿಕೊಳ್ಳುತ್ತದೆ. ನಮ್ಮ ತೂಕ ಸರಿ, ನಮ್ಮ ಪುಸ್ತಕ ಸರಿ ಎಂಬ ನಂಬಿಕೆಯಿಂದ ಇಷ್ಟು ವರ್ಷ ಸದಸ್ಯರು ಬೆಳೆಯನ್ನು ಇಲ್ಲಿಗೆ ತಂದಿದ್ದಾರೆ. ರಾತ್ರಿ ಹೊತ್ತು ಮಳೆಯಲ್ಲಿ, ರೋಗಿಯನ್ನು ಕೂರಿಸಿಕೊಂಡು ಹಸಿರು ಗುರುತನ್ನು ನಂಬಿ ಬರುವ ಅಪರಿಚಿತರಿಗೂ ಆ ನಂಬಿಕೆ ಸಲ್ಲಬೇಕು. ಸದಸ್ಯರು ಮಹಾಸಭೆಗೆ ತಪ್ಪದೆ ಹಾಜರಾಗಿ ಈ ಷರತ್ತುಗಳ ಮೇಲೆ ತಮ್ಮ ಅಭಿಪ್ರಾಯ ತಿಳಿಸಬೇಕೆಂದು ಕೋರುತ್ತೇವೆ.

— ಕಾರ್ಯದರ್ಶಿ